ಚೀಲದ ಪಾಳಿ

ಮಹಾಬಳೇಶ್ವರ ಕಂಪ್ಯೂಟರಿನಿಂದ ಚೀಲವನ್ನು ಕಿತ್ತುಹಾಕಿದ್ದು ಒಬ್ಬ ಹುಡುಗಿಯ ಸಲುವಾಗಿ. ಹಾಗಂತ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಕೇಳಿದವರಿಗೆ ಹೇಳುವುದಕ್ಕೆ "ಮಷೀನಿಗೆ ಭಾರ ಆಗೇತ್ರಿ" ಎಂಬ ಒಂದು ಮಾತನ್ನು ಜಳಕ ಮಾಡುವಾಗಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಇದು 2002ರ ಮಾತು. ದಾಂಡೇಲಿಯ ಶ್ರಮಜೀವಿ ಗ್ರಾಹಕರ ಭಂಡಾರಕ್ಕೆ ಸಕ್ಕರೆ, ಪಾಮ್ ಎಣ್ಣೆ, ಚಿಮಣಿ ಎಣ್ಣೆ ಬಂದ ದಿನ ಪಾಳಿ ರಸ್ತೆಯವರೆಗೆ ಬೆಳೆಯುತ್ತಿತ್ತು. ಆ ಪಾಳಿಯಲ್ಲಿ ಮನುಷ್ಯರಿಗಿಂತ ಮೊದಲು ನಿಲ್ಲುತ್ತಿದ್ದದ್ದು ಚೀಲಗಳು. ಮಿಲ್ಲಿನ ಫಸ್ಟ್ ಶಿಫ್ಟಿಗೆ ಹೋಗುವವರು ನಸುಕಿನಲ್ಲೇ ಬಂದು ಒಂದು ಚೀಲ ಇಟ್ಟು, ಹಾರಿ ಹೋಗದಂತೆ ಅದರೊಳಗೊಂದು ಕಲ್ಲು ಹಾಕಿ, ಸೈಕಲ್ ಹತ್ತುತ್ತಿದ್ದರು. ಆ ಚೀಲವನ್ನು ಯಾರೂ ದಾಟುತ್ತಿರಲಿಲ್ಲ. ಪಾಳಿ ಸರಿದಾಗ ಹಿಂದಿನವರು ಅದನ್ನು ಕಾಲಿನಿಂದ ಮೆಲ್ಲಗೆ ಮುಂದೆ ತಳ್ಳುತ್ತಿದ್ದರು. ಕಾಲು ತಾಗಿತೆಂದು ಚೀಲಕ್ಕೆ ನಮಸ್ಕಾರ ಮಾಡುವ ಮುದುಕಿಯರೂ ಇದ್ದರು.

ಭಂಡಾರಕ್ಕೆ ಕಂಪ್ಯೂಟರು ಬಂದಾಗ, ಧಾರವಾಡದಲ್ಲಿ ಆರು ತಿಂಗಳ ಕೋರ್ಸು ಮುಗಿಸಿದ್ದ ಮಹಾಬಳೇಶ್ವರನೇ ಅದಕ್ಕೆ ಪ್ರೋಗ್ರಾಂ ಬರೆದ. ಬರೆಯುವ ಉಮೇದಿಯಲ್ಲಿ ಚೀಲದ ಪದ್ಧತಿಯನ್ನೂ ಅದರೊಳಗೆ ತುಂಬಿದ. ಮನುಷ್ಯನಿಗೊಂದು ನಂಬರ್, ಚೀಲಕ್ಕೂ ಒಂದು ನಂಬರ್. ಚೀಲದ ನಂಬರ್ ಬಂದರೆ ಕಂಪ್ಯೂಟರು ಅದನ್ನು ಬದಿಗಿಟ್ಟು ಮುಂದಿನವರನ್ನು ಕರೆಯುತ್ತಿತ್ತು. ಒಡೆಯ ಯಾವಾಗ ಬಂದು ನಿಂತರೂ ಆ ಕ್ಷಣಕ್ಕೆ ಅವನದೇ ಪಾಳಿ. ಆದರೆ ಕಟ್ಟಕಡೆಯ ಚೀಲದ ಒಡೆಯ ಬಂದು ಸಾಮಾನು ಒಯ್ಯುವ ತನಕ ದಿನದ ಲೆಕ್ಕ ಮುಚ್ಚುತ್ತಿರಲಿಲ್ಲ. ಆಗ ಎಲ್ಲರೂ ಅವನ ಬೆನ್ನು ತಟ್ಟಿದ್ದರು. ಬರಬರುತ್ತ ಜನ ತಾವು ಬರಲಾಗದಿದ್ದರೆ ಮನೆಯವರನ್ನು ಕಳಿಸತೊಡಗಿದರು. ಚೀಲ ಇಡುವವರು ಬೆರಳೆಣಿಕೆಯಷ್ಟೇ ಉಳಿದರು. ಅವರಿಗಾಗಿ ಮಹಾಬಳೇಶ್ವರ ಸಂಜೆಯವರೆಗೆ ನೊಣ ಹೊಡೆಯುತ್ತ ಕೂತಿರಬೇಕಾಗುತ್ತಿತ್ತು.

ಉಳಿದ ದಿನ ಕೂತಿರುತ್ತಿದ್ದ. ಇವತ್ತು ಕೂರುವಂತಿರಲಿಲ್ಲ. ಇವತ್ತು ಹಳಿಯಾಳಕ್ಕೆ ಹೋಗಿ ವಿದ್ಯಾವತಿಯನ್ನು ನೋಡಬೇಕಿತ್ತು. ನೋಡುವುದೇನು ಬಂತು, ಹಿಂದೆ ಒಂದು ಮದುವೆಯಲ್ಲಿ ನೋಡಿಯೇ ಆಗಿತ್ತು. ಪಂಕ್ತಿಯಲ್ಲಿ ಬಡಿಸುತ್ತಿದ್ದವಳು ಯಾವುದೋ ಮಾತಿಗೆ ಬಾಯಿಗೆ ಸೆರಗು ಹಿಡಿಯದೆ ಗೊಳ್ಳೆಂದು ನಕ್ಕಿದ್ದಳು. ಆವತ್ತಿನಿಂದ ಮಹಾಬಳೇಶ್ವರ ಸಕ್ಕರೆ ಕೇಳಿದವರಿಗೆ ರವೆಯ ಬಿಲ್ಲು ಕೊಡುತ್ತಿದ್ದ.

ತೊಡಕೆಂದರೆ ಅವಳ ಅಪ್ಪ ದುರ್ಗಪ್ಪ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಎರಡೆರಡು ಸಲ ಉಪ್ಪಿಟ್ಟು ಮಾಡುವುದು ದಂಡವೆಂದು ಒಂದೇ ದಿನ ಇಬ್ಬರು ವರಗಳಿಗೆ ಹೇಳಿ ಕಳಿಸಿದ್ದರು. ಒಬ್ಬ ಇವನು, ಇನ್ನೊಬ್ಬ ಮುಂಡಗೋಡದ ಮಾಸ್ತರ. "ಯಾರು ಮೊದ್ಲ ಬರ್ತಾರ, ಅವ್ರ ಜೋಡಿ ಮಾತು ಮೊದ್ಲ. ಅದು ಕೂಡಿ ಬಂತಂದ್ರ ಎರಡನೇದವ್ರು ತಿರಿಗಿ ಹೋಗೂದು" ಎಂದು ನಡುವಿನವರ ಕೈಯಲ್ಲಿ ಹೇಳಿಸಿದ್ದರು. ಮಾಸ್ತರನಿಗೆ ಸಾಲಿ ಬಿಡುವ ತನಕ ಬಿಡುವಿಲ್ಲ. ಮಹಾಬಳೇಶ್ವರ ಒಂದೂವರೆಯ ಬಸ್ಸು ಹಿಡಿದರೆ ತಾನೇ ಮೊದಲು. ಚೀಲವಿದ್ದರೆ ಆ ಬಸ್ಸು ಸಿಗುವುದಿಲ್ಲ. ಆದ್ದರಿಂದ ಚೀಲ ಹೋಯಿತು.

ಮುಂಜಾನೆ ಭಂಡಾರದ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಮೂರು ಚೀಲ ಕೂತಿದ್ದವು. ಮೊದಲನೆಯದು ಮಿಲ್ಲಿನ ಲಗಮಪ್ಪನದು. ಅವನು ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಎರಡನೆಯದು ಅವನ ನೆರೆಮನೆಯ ಶಾಂತಿಬಾಯಿಯದು. ಅವಳು ಸಾಹೇಬರ ಮನೆಗಳಲ್ಲಿ ಅಡುಗೆ ಮಾಡಲು ಹೋಗಬೇಕಿತ್ತು. ಮೂರನೆಯದು ಕುಂಬಾರವಾಡದ ತುಳಸಿರಾಮನದು. ಊರಿಂದ ಬರುವ ಬಸ್ಸು ಅಪರೂಪವಾದ್ದರಿಂದ ಅವನು ಬಂದ ದಿನವೇ ಸಂತೆ, ದವಾಖಾನೆ, ಭಂಡಾರ ಎಲ್ಲ ಮುಗಿಸಿಕೊಳ್ಳುತ್ತಿದ್ದ. ಇವತ್ತು ಮಾರಲೆಂದು ಒಂದು ಹೋತವನ್ನೂ ಹಗ್ಗ ಹಿಡಿದು ತಂದಿದ್ದ.

"ಇವತ್ತಿನಿಂದ ಚೀಲಕ್ಕ ನಂಬರ್ ಇಲ್ಲರಿ," ಎಂದ ಮಹಾಬಳೇಶ್ವರ. "ಮಷೀನಿಗೆ ಭಾರ ಆಗೇತಿ."

ಶಾಂತಿಬಾಯಿ ಕಂಪ್ಯೂಟರನ್ನು ಮೇಲಿಂದ ಕೆಳಗೆ ನೋಡಿದಳು. "ಖಾಲಿ ಚೀಲ ಐತಲ್ರಿ ಸಾಹೇಬ್ರ. ಎಷ್ಟ ಭಾರ ಆದೀತು?"

"ಹಂಗಲ್ಲ ಅಕ್ಕಾರ. ನಾಕ ಮಂದಿ ಸಲುವಾಗಿ ಅಷ್ಟ ದೊಡ್ಡ ಪ್ರೋಗ್ರಾಂ ಇಟಗೊಳ್ಳಾಕ ಆಗಂಗಿಲ್ಲ."

"ನಾಕ ಮಂದಿ ಅಂದ್ರ ಮಂದಿ ಅಲ್ಲೇನ್ರಿ?"

ಇದಕ್ಕೆ ಅವನು ಉತ್ತರ ಬಾಯಿಪಾಠ ಮಾಡಿರಲಿಲ್ಲ. ಗಡಿಯಾರ ನೋಡಿದ, ತಲೆ ಬಿಸಿಯಾಯಿತು. "ಇಷ್ಟ ನೋಡ್ರಿ, ಪಾಳಿಯೊಳಗ ಜೀವ ಇದ್ದದ್ದು ನಿಲ್ಲಬೇಕು. ಚೀಲಕ್ಕ ಜೀವ ಐತೇನು?" ಎಂದುಬಿಟ್ಟ. ಆ ಮಾತನ್ನು ಅವನು ಆಡಬಾರದಿತ್ತು.

ಶಾಂತಿಬಾಯಿ ಮನೆಯ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಇಬ್ಬರನ್ನು ಕರೆದುಕೊಂಡು ಬಂದಳು. ಒಬ್ಬಾಕೆ ಲಗಮಪ್ಪನ ತಾಯಿ ಗೋದುಬಾಯಿ, ಇನ್ನೊಬ್ಬ ತನ್ನ ಗಂಡ ಹೀರಪ್ಪ. ಗೋದುಬಾಯಿ ಹೋಳಿಗೆ ಊಟಕ್ಕೆ ಬಂದವರ ಹಾಗೆ ಇಳಕಲ್ ಸೀರೆ ಉಟ್ಟಿದ್ದಳು. ಹೀರಪ್ಪ ರಾತ್ರಿ ಶಿಫ್ಟು ಮುಗಿಸಿ ಆಗಷ್ಟೇ ಮಲಗಿದ್ದವನು. ಹಾಸಿಗೆಯಿಂದ ಎದ್ದಿದ್ದ, ನಿದ್ದೆಯಿಂದ ಎದ್ದಿರಲಿಲ್ಲ. ಅವನನ್ನು ಸಕ್ಕರೆ ಮೂಟೆಗೆ ಆನಿಸಿ ನಿಲ್ಲಿಸಿ ಶಾಂತಿಬಾಯಿ ಕೆಲಸಕ್ಕೆ ನಡೆದಳು.

ತುಳಸಿರಾಮ ಇದನ್ನೆಲ್ಲ ಗಮನವಿಟ್ಟು ನೋಡಿದ. ಆಮೇಲೆ ಹೋತವನ್ನು ಹೀರಪ್ಪನ ಹಿಂದೆ ಕಟ್ಟಿದ.

"ಇದೇನೋ ಮಾರಾಯ?"

"ಜೀವ ಇದ್ದದ್ದು ಅಂದ್ರಲ್ರಿ. ಇದಕ್ಕ ಜೀವ ಐತ್ರಿ."

ಪಾಳಿಯವರೆಲ್ಲ ಹೋತದ ಕಡೆಯಾದರು. "ಸಾಹೇಬ್ರು ತಾವ ಹೇಳ್ಯಾರ, ಜೀವ ಇದ್ರ ಸಾಕು ಅಂತ," ಎಂದ ಒಬ್ಬ. "ಹೀರಪ್ಪಣ್ಣಗಿಂತ ಇದ ಚಲೋ ಎಚ್ಚರ ಐತಿ," ಎಂದ ಇನ್ನೊಬ್ಬ. ವಾದಕ್ಕೆ ನಿಂತರೆ ಬಸ್ಸು ತಪ್ಪುತ್ತದೆಂದು ಮಹಾಬಳೇಶ್ವರ ಹೋತಕ್ಕೆ ನಂಬರ್ ಕೊಟ್ಟ. ತುಳಸಿರಾಮ ಕೈ ಮುಗಿದು ದವಾಖಾನೆಯ ಕಡೆಗೆ ಹೋದ.

"ಒಂದನೇ ನಂಬರ್" ಎಂದು ಕರೆದಾಗ ಗೋದುಬಾಯಿ ಠೀವಿಯಿಂದ ಮುಂದೆ ಬಂದಳು.

"ಆಯಿ, ಏನ್ ಬೇಕು?"

"ನನಗೇನ್ ಬೇಕೋ ತಮ್ಮಾ ಈ ವಯಸ್ಸಿನ್ಯಾಗ. ದೇವರು ಕೊಟ್ಟದ್ದು ಐತಿ."

"ನಿಮಗಲ್ಲ, ಲಗಮಣ್ಣಗ ಏನ್ ಬೇಕು?"

"ಅವಗ ಬುದ್ಧಿ ಬೇಕು."

"ಸಾಮಾನು, ಆಯಿ. ಸಕ್ಕರಿ ಎಷ್ಟು, ಎಣ್ಣಿ ಎಷ್ಟು?"

"ಅದೆಲ್ಲಾ ನನಗ ಗೊತ್ತಿಲ್ಲಪಾ. ಶಾಂತಿ ನಿಲ್ಲು ಅಂದ್ಲು, ನಿಂತೇನಿ."

ಮಹಾಬಳೇಶ್ವರ ಎರಡನೇ ನಂಬರಿಗೆ ಹೋಗಲು ಗುಂಡಿ ಒತ್ತಿದ. ಕಂಪ್ಯೂಟರು ಹೋಗಲಿಲ್ಲ. ಒಂದು ನಂಬರನ್ನು ಬದಿಗಿಟ್ಟು ಮುಂದೆ ಹೋಗುವ ದಾರಿ ಇದ್ದದ್ದೇ ಚೀಲದ ಪದ್ಧತಿಯಲ್ಲಿ. ಅದನ್ನು ಮುಂಜಾನೆ ಬೇರುಸಹಿತ ಕಿತ್ತಿದ್ದ. ಈಗ ಒಂದನೇ ನಂಬರಿನ ಬಿಲ್ಲಾಗದೆ ಎರಡನೆಯದಿಲ್ಲ ಎಂದು ಮಷೀನು ಹಟ ಹಿಡಿದು ಕೂತಿತು. ಬೆವರು ಒರೆಸಿಕೊಂಡು ಅವನು, "ಆಯಿ, ಒಂದು ಕಡ್ಡಿಪೆಟ್ಟಿಗಿ ಬಿಲ್ ಮಾಡ್ತೇನಿ, ತಗೊಂಡು ಬದಿಗಿ ಕುಂದ್ರಿ" ಎಂದು ಗೋಗರೆದ.

"ನನ್ನ ಮಗನ ಪಾಳಿ ಒಂದು ಕಡ್ಡಿಪೆಟ್ಟಿಗಿಗೆ ಕೊಡು ಅಂತೀಯೇನು?" ಎಂದು ಗೋದುಬಾಯಿ ಕಟಕಟೆಗೆ ಎರಡೂ ಕೈ ಊರಿದಳು. ಪಾಳಿಯಲ್ಲಿದ್ದ ತಾಯಂದಿರೆಲ್ಲ ಮಹಾಬಳೇಶ್ವರನನ್ನು ಒಂದು ತರಹ ನೋಡಿದರು.

ಎರಡನೇ ನಂಬರಿನ ಹೀರಪ್ಪ ಗೊರಕೆ ಹೊಡೆಯುತ್ತ ನಿಧಾನವಾಗಿ ಮೂಟೆಯ ಮೇಲೆ ಜಾರುತ್ತಿದ್ದ. ಅವನು ಪೂರ್ತಿ ಜಾರಿ ಕೂತಾಗ ಹೋತಕ್ಕೆ ಕಟಕಟೆಯ ಒಳಗಿನದೆಲ್ಲ ಕಾಣಿಸಿತು. ಪ್ರಿಂಟರಿನ ಹಿಂದೆ ಡಬ್ಬಿಯಲ್ಲಿ ಮಡಿಚಿಟ್ಟಿದ್ದ ತೂತು ತೂತಿನ ಉದ್ದನೆಯ ಕಾಗದ ಅದಕ್ಕೆ ಬಹಳ ಹಿಡಿಸಿತು. ಎಲ್ಲರೂ ಗೋದುಬಾಯಿಯ ಕಡೆ ನೋಡುತ್ತಿದ್ದ ಹೊತ್ತಿನಲ್ಲಿ ಅದು ಒಂದು ತುದಿಯಿಂದ ಶುರು ಮಾಡಿ, ಅವಸರವಿಲ್ಲದೆ, ಪ್ರಿಂಟರಿನ ಬಾಯಿಯವರೆಗೆ ತಿಂದು ಬಂತು. ಉಳಿದ ತುಂಡನ್ನು ಪ್ರಿಂಟರು ಒಂದು ಕಡೆಗೆ, ಹೋತ ಇನ್ನೊಂದು ಕಡೆಗೆ ಜಗ್ಗತೊಡಗಿದಾಗ ಮಹಾಬಳೇಶ್ವರ ತಿರುಗಿ ನೋಡಿದ. ಬಿಡಿಸಲು ಹೋದವನ ಅಂಗಿಯ ತೋಳಿಗೆ ರಿಬ್ಬನ್ನಿನ ಮಸಿ ಬಳಿಯಿತು. ತೋಳಿನ ಅಂಚನ್ನು ಹೋತ ರುಚಿ ನೋಡಿತು. ಪಾಳಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಅಷ್ಟು ಚಂದದ ಪಾಳಿಯಲ್ಲಿ ಅವರು ಯಾವತ್ತೂ ನಿಂತಿರಲಿಲ್ಲ.

ಕಡೆಗೆ ದಾರಿ ಕಾಣದೆ ಮಹಾಬಳೇಶ್ವರ ದೇವರ ಫೋಟೋದ ಹಿಂದಿಟ್ಟಿದ್ದ ಹಳೆಯ ಪ್ರೋಗ್ರಾಮಿನ ಫ್ಲಾಪಿ ತೆಗೆದು ಕಂಪ್ಯೂಟರಿಗೆ ಹಾಕಿದ. ಚೀಲದ ಪದ್ಧತಿ ವಾಪಸು ಬಂತು. ಗೋದುಬಾಯಿಯ ಜಾಗಕ್ಕೆ ಲಗಮಪ್ಪನ ಚೀಲ ಬಂತು, ಹೀರಪ್ಪನ ಜಾಗಕ್ಕೆ ಶಾಂತಿಬಾಯಿಯ ಚೀಲ ಬಂತು, ಹೋತವನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದರು. ಹೊಸ ಕಾಗದ ತುಂಬಿದ ಮೇಲೆ ಪಾಳಿ ಎಣ್ಣೆ ಹಚ್ಚಿದ ಹಾಗೆ ಸರಿಯಿತು. ಒಂದು ಗಂಟೆಗೆಲ್ಲ ಮನುಷ್ಯರು ಮುಗಿದರು. ಮೂರು ಚೀಲ ಉಳಿದವು. ಒಂದೂವರೆಯ ಬಸ್ಸು ಭಂಡಾರದ ಮುಂದೆಯೇ ಹಾರನ್ ಹೊಡೆಯುತ್ತ ಹೋಯಿತು. ಮಹಾಬಳೇಶ್ವರ ಅದನ್ನು ಕಿಟಕಿಯಿಂದ ನೋಡಿದ. ಅವನಿಗೆ ನಿಜವಾಗಿಯೂ ಅಳು ಬಂತು.

ಮೊದಲು ತುಳಸಿರಾಮ ಬಂದ, ಆಮೇಲೆ ಶಾಂತಿಬಾಯಿ, ಎಲ್ಲರಿಗಿಂತ ಕಡೆಗೆ ಲಗಮಪ್ಪ. ಬಿಲ್ಲು ಕೊಡುತ್ತ ಅವನು ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಿದ್ದದ್ದನ್ನು ಶಾಂತಿಬಾಯಿ ಕಂಡಳು.

"ಯಾಕ್ರಿ ಸಾಹೇಬ್ರ, ಯಾರಿಗರ ಆರಾಮಿಲ್ಲೇನು?"

ತಡೆಯಲಾಗದೆ ಅವನು ಎಲ್ಲವನ್ನೂ ಹೇಳಿಬಿಟ್ಟ. ವಿದ್ಯಾವತಿ ನಕ್ಕದ್ದು, ದುರ್ಗಪ್ಪನವರ ಉಪ್ಪಿಟ್ಟು, ಮುಂಡಗೋಡದ ಮಾಸ್ತರ, ಒಂದೂವರೆಯ ಬಸ್ಸು.

"ಅಯ್ಯ ನನ್ನಪ್ಪಾ," ಎಂದಳು ಶಾಂತಿಬಾಯಿ. "ಮುಂಜಾನೆ ಇದೊಂದು ಮಾತು ಹೇಳಿದ್ರ ಮುಗೀತಿತ್ತು. ನಮ್ಮ ಚೀಲಾ ನಾವು ನಾಳೆ ತುಂಬಿಸ್ಕೊಂತಿದ್ವಿ. ಮಷೀನಿಗೆ ಭಾರ ಅಂತ ಹೇಳಿ ಕುಂತ್ರಿ."

"ಈಗೇನ್ ಕೆಟ್ಟೈತಿ?" ಎಂದ ಲಗಮಪ್ಪ. "ಕುಬೇರನ ಆಟೋ ಐತಿ, ಹೋಗೂಣು ನಡೀರಿ."

'ಹೋಗೂಣು' ಎಂದದ್ದನ್ನು ಮಹಾಬಳೇಶ್ವರ ಅವಸರದಲ್ಲಿ ಗಮನಿಸಲಿಲ್ಲ. ಶಟರ್ ಎಳೆದು ತಿರುಗುವಷ್ಟರಲ್ಲಿ ಕುಬೇರನ ಆಟೋದಲ್ಲಿ ಗೋದುಬಾಯಿ ನಡುವೆ ಕೂತಿದ್ದಳು, ಪಕ್ಕಕ್ಕೆ ಶಾಂತಿಬಾಯಿ, ಕುಬೇರನ ಒಂದು ಮಗ್ಗುಲಿಗೆ ಲಗಮಪ್ಪ. ವರನ ಕಡೆಯವರು ಅಂತ ನಾಲ್ಕು ಜನ ಬೇಡವೇ, ಎಂಬುದು ಅವರ ವಿಚಾರ. ತುಳಸಿರಾಮ, "ಹೆಂಗೂ ನಮ್ಮೂರ ಬಸ್ಸು ತಪ್ಪೇತ್ರಿ, ಹಳಿಯಾಳದಾಗ ನಮ್ಮ ತಂಗಿ ಅದಾಳ" ಎಂದು ಹಿಂದೆ ಹತ್ತಿದ. ಹೋತ ಅವನ ಜೊತೆಗೇ ಬಂತು. ಕಾಗದ ತಿಂದು ಹೊಟ್ಟೆ ಉಬ್ಬಿದ್ದನ್ನು ಬಿಲ್ಲಾದ ಮೇಲೆ ಸಂತೆಗೆ ಒಯ್ದು ತಂದರೂ ಯಾರೂ ಕೇಳಿರಲಿಲ್ಲ. ಮಸಿಯಾದ ಅಂಗಿಯ ಬದಲಿಗೆ ಹೀರಪ್ಪನ ಮದುವೆಯ ಅಂಗಿ ಬಂತು. ಹೀರಪ್ಪ ಮಾತ್ರ ಮನೆಯಲ್ಲಿ ಮಲಗಿದ್ದ. ಅವನ ಅಂಗಿಯೊಳಗೆ ಮಹಾಬಳೇಶ್ವರ ಇನ್ನೊಬ್ಬನನ್ನು ಕೂರಿಸಿಕೊಳ್ಳಬಹುದಿತ್ತು.

ದಾರಿಯುದ್ದಕ್ಕೂ ಪ್ರತಿಯೊಬ್ಬರೂ ಒಂದೊಂದು ಬುದ್ಧಿ ಹೇಳಿದರು. ಮಾತು ಕಡಿಮೆ ಆಡು ಎಂದು ಗೋದುಬಾಯಿ, ಸುಮ್ಮನೆ ಕೂತರೆ ಮೂಕ ಅಂದುಕೊಂಡಾರು ಎಂದು ಶಾಂತಿಬಾಯಿ. ಕುಬೇರ ಎಲ್ಲರಿಗೂ ಹೂಂ ಎನ್ನುತ್ತ ಆಟೋವನ್ನು ಎತ್ತಿ ಎತ್ತಿ ಹಾಕುತ್ತ ಓಡಿಸಿದ. ದುರ್ಗಪ್ಪನವರ ಮನೆಯ ಮುಂದೆ ಇಳಿದಾಗ ಮುಂಡಗೋಡದ ಕಡೆಯಿಂದ ಇನ್ನೂ ಯಾರೂ ಬಂದ ಲಕ್ಷಣವಿರಲಿಲ್ಲ. ಮಹಾಬಳೇಶ್ವರನಿಗೆ ಹೋದ ಜೀವ ಬಂತು.

ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿದ್ದರು. ಮೊದಲನೆಯದರ ಮೇಲೆ ಒಂದು ಚೀಲ ಕೂತಿತ್ತು. ಕರಿ ರೆಗ್ಜಿನ್ನಿನ, ಹೊಸ ಚೀಲ.

"ಬರ್ರಿ ಬರ್ರಿ," ಎಂದು ದುರ್ಗಪ್ಪ ಎರಡನೆಯ ಕುರ್ಚಿ ತೋರಿಸಿದರು. "ನಿಮ್ಮದು ಎರಡನೇ ನಂಬರ್."

"ಮೊದಲನೇದವ್ರು ಎಲ್ಲ್ಯದಾರ್ರಿ?"

"ಇದ ಐತಲ್ಲ. ಮುಂಡಗೋಡದ ಮಾಸ್ತರದು. ಮುಂಜಾನೆ ಬಸ್ಸಿನ ಕಂಡಕ್ಟರ್ ಕೈಯಾಗ ಕಳಿಸ್ಯಾರ. ಸಾಲಿ ಬಿಟ್ಟಕೂಡ್ಲೆ ಬರ್ತೇನಿ, ಅಲ್ಲೀತನಾ ನನ್ನ ಪಾಳಿ ಇದು ಹಿಡೀತೈತಿ ಅಂತ ಚೀಟಿ ಬರದಾರ. ನಾನು ಮೂವತ್ತು ವರ್ಷ ಬಸ್ಸಿನ ಕೆಲಸಾ ಮಾಡಿದಾವ, ಸೀಟಿಗೆ ಒಗೆದ ಟವೆಲ್ ತಗಿ ಅಂತ ಯಾವತ್ತೂ ಅಂದಿಲ್ಲ."

"ಮಾಮಾರ, ಚೀಲಾ ವರ ಆಗ್ತೈತೇನ್ರಿ? ಪಾಳಿಯೊಳಗ ಮನಷ್ಯಾ ಬೇಕಲ್ರಿ," ಎಂದು ಮಹಾಬಳೇಶ್ವರ ಬೆಂಬಲಕ್ಕಾಗಿ ತನ್ನ ಕಡೆಯವರತ್ತ ತಿರುಗಿದ.

ತುಳಸಿರಾಮ ನೆಲ ನೋಡಿದ. ಲಗಮಪ್ಪ ಕೆಮ್ಮಿದ. "ತಪ್ಪು ತಿಳ್ಕೋಬ್ಯಾಡ್ರಿ ಸಾಹೇಬ್ರ. ಚೀಲಾ ಮೊದ್ಲ ಬಂದೈತಿ."

"ಮುಂಜಾನಿಂದ ಇದರ ಸಲುವಾಗಿನ ಬಡದಾಡೇವಿ," ಎಂದಳು ಶಾಂತಿಬಾಯಿ, ಬಹಳ ಸಂಕಟದಿಂದ. "ಈಗ ನಾವ ಬಾಯಿ ಹೊಳ್ಳಿಸಿದ್ರ ನಾಳೆ ನಮ್ಮ ಚೀಲಾನ ಯಾರು ಕೇಳ್ತಾರ್ರಿ?"

ಅಷ್ಟರಲ್ಲಿ ಒಳಗಿನಿಂದ ಉಪ್ಪಿಟ್ಟಿನ ತಾಟು ಹಿಡಿದು ವಿದ್ಯಾವತಿ ಬಂದಳು. ಅವಳು ಮಾತೆಲ್ಲ ಕೇಳಿಸಿಕೊಂಡಿದ್ದಳು. ನೇರವಾಗಿ ಮಹಾಬಳೇಶ್ವರನನ್ನು ನೋಡಿ, "ದಾಂಡೇಲಿಯೊಳಗ ಕಂಪ್ಯೂಟರಿಗೆ ಚೀಲದ ಪಾಳಿ ಕಲಿಸಿದವ್ರು ನೀವ ಏನ್ರಿ?" ಎಂದು ಕೇಳಿದಳು.

"ಹೌದ್ರಿ," ಎಂದ ಅವನು.

"ನಮ್ಮ ಅತ್ತಿ ಅಲ್ಲೇ ಕಾಲೋನಿಯೊಳಗ ಇದ್ಲು. ದುಡಿಯಾಕ ಹೋದವ್ರ ಪಾಳಿ ಕೆಡಬಾರದು ಅಂತ ವಿಚಾರ ಮಾಡಿದ ಮನಷ್ಯಾ ಒಬ್ಬಾವ ಅದಾನ ಅಂತಿದ್ಲು. ಅಂಥವ್ರನ್ನ ನೋಡಬೇಕಂತ ನಾನ ಅಪ್ಪಗ ಹೇಳಿ ನಿಮ್ಮನ್ನ ಕರೆಸೇನಿ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಚೀಲಕ್ಕ ಉಪ್ಪಿಟ್ಟು ತಿನ್ನಾಕ ಬರಂಗಿಲ್ಲ. ಇವರ ಜೋಡಿ ಮೊದ್ಲ ಮಾತಾಡೂಣು."

ದುರ್ಗಪ್ಪ ಮಗಳ ಮುಖ ನೋಡಿದರು, ಚೀಲ ನೋಡಿದರು, ಕಡೆಗೆ ತಲೆ ಆಡಿಸಿದರು. ಮಹಾಬಳೇಶ್ವರನ ಎದೆ ಹೀರಪ್ಪನ ಅಂಗಿ ತುಂಬುವಷ್ಟು ಉಬ್ಬಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ವಿದ್ಯಾವತಿ ತಾಟನ್ನು ಅವನತ್ತ ಚಾಚಿದಳು.

ಗೋದುಬಾಯಿಗೆ ಆನಂದ ತಡೆಯಲಾಗಲಿಲ್ಲ. ಈ ಗಳಿಗೆಯಲ್ಲಿ ಹುಡುಗನ ಪರವಾಗಿ ಒಂದು ಒಳ್ಳೆ ಮಾತು ಹೇಳದಿದ್ದರೆ ಹಿರಿಯಳಾಗಿ ಬಂದದ್ದು ಯಾಕೆ? "ಚಿನ್ನದಂಥಾ ಹುಡುಗ ನೋಡವಾ," ಎಂದಳು. "ನಿನ್ನ ಸಲುವಾಗಿ ಏನ್ ಬೇಕಾದ್ರೂ ಮಾಡ್ತಾನ. ನಿನ್ನ ನೋಡಾಕ ಲಗೂನ ಬರಬೇಕಂತ ಮುಂಜಾನೆ ಆ ಚೀಲದ ಪದ್ಧತಿನ ಕಿತ್ತ ಒಗದಿದ್ದ."

ತಾಟು ನಡುದಾರಿಯಲ್ಲಿ ನಿಂತಿತು.

"ಕಿತ್ತ ಒಗದ್ರಿ?"

"ಮತ್ತ ಹಾಕೇನ್ರಿ," ಎಂದ ಮಹಾಬಳೇಶ್ವರ ಗಡಬಡಿಸಿ. "ಮಧ್ಯಾಹ್ನದ ಒಳಗ ಮತ್ತ ಹಾಕೇನಿ."

"ಯಾಕ ಹಾಕಿದ್ರಿ?"

ಅವನು ಒಳ್ಳೆಯ ಕಾರಣವೊಂದನ್ನು ಹುಡುಕುತ್ತಿದ್ದ. ಪಾಪ, ಒದ್ದಾಡುತ್ತಿದ್ದಾನೆಂದು ತುಳಸಿರಾಮ ಕೈ ಹಿಡಿದ. "ನನ್ನ ಹೋತ ಕಾಗದಾ ತಿಂತ್ರಿ ಅಕ್ಕಾರ. ಅದರ ಕಾಟಕ್ಕ ಮತ್ತ ಹಾಕಿದ್ರು."

ವಿದ್ಯಾವತಿ ಹೊರಗೆ ಕಟ್ಟಿದ್ದ ಹೋತವನ್ನು ನೋಡಿದಳು. ಬಾಯಿಗೆ ಸೆರಗು ಹಿಡಿಯದೆ ಗೊಳ್ಳೆಂದು ನಕ್ಕಳು. ಆ ನಗುವಿಗೆ ಮಹಾಬಳೇಶ್ವರನೂ ಆಸೆಯಿಂದ ನಕ್ಕ. ಅವಳು ಅವನನ್ನು ದಾಟಿ ಅಂಗಳಕ್ಕಿಳಿದು, "ಹಂಗಾದ್ರ ಈ ಉಪ್ಪಿಟ್ಟು ಇದಕ್ಕ ಸಲ್ಲಬೇಕು" ಎಂದು ತಾಟನ್ನು ಹೋತದ ಮುಂದಿಟ್ಟಳು. ಒಳಗೆ ಹೋಗುತ್ತ, "ಅಪ್ಪಾ, ಪಾಳಿ ಪ್ರಕಾರನ ಆಗ್ಲಿ" ಎಂದಳು.

ಮಾಸ್ತರ ಬಂದಾಗ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಮೊದಲನೆಯ ಕುರ್ಚಿಯಲ್ಲಿ ಕೂತ. ನಗುಮೊಗದ, ಯಾರಿಗೂ ಕೇಡು ಬಯಸದ ಮನುಷ್ಯ. ಒಳಗೆ ಕರೆದರು, ಹೋದ. ಬಹಳ ಹೊತ್ತು ಹಿಡಿಯಲಿಲ್ಲ. ಆ ಸೆರಗಿಲ್ಲದ ನಗು ಗೋಡೆಯಾಚೆಯಿಂದ ಎರಡು ಸಲ ಕೇಳಿಸಿತು. ಆಮೇಲೆ ದುರ್ಗಪ್ಪ ಬೆಲ್ಲ ಹಿಡಿದು ಹೊರಗೆ ಬಂದರು. ವರನ ಕಡೆಯವರೆಂದು ಬಂದ ಎಲ್ಲರೂ ಸಂಕೋಚದಿಂದಲೇ ಬೆಲ್ಲ ತಿಂದರು. ಗೋದುಬಾಯಿ ಎರಡು ತುಂಡು ತಿಂದಳು.

ಹೊರಡುವ ಮುಂದೆ ಮಾಸ್ತರ ಬಂದು ಮಹಾಬಳೇಶ್ವರನ ಎರಡೂ ಕೈ ಹಿಡಿದುಕೊಂಡ. "ನೀವು ಭಂಡಾರದ ಸಾಹೇಬ್ರಂತ ಈಗ ಗೊತ್ತಾತ್ರಿ. ನಮ್ಮ ಕಾಕಾ ದಾಂಡೇಲಿಯೊಳಗ ಅದಾರ. ಒಂದ್ಸಲ ಅವರ ಚೀಲಾ ನಾನ ನಿಮ್ಮಲ್ಲಿ ಇಟ್ಟು ನಂಬರ್ ತಗೊಂಡಿದ್ದೆ. ಈ ಉಪಾಯ ಅಲ್ಲಿಂದನ ಬಂದದ್ದು. ನಿಮ್ಮ ಉಪಕಾರ ಹೆಂಗ ತೀರಸ್ಲಿ?"

ಮಹಾಬಳೇಶ್ವರ ಮೆಲ್ಲಗೆ ಕೈ ಬಿಡಿಸಿಕೊಂಡ.

"ಮದುವಿಗೆ ತಪ್ಪದ ಬರಬೇಕ್ರಿ," ಎಂದ ಮಾಸ್ತರ ಪ್ರೀತಿಯಿಂದ. "ಊಟದ ಪಂಕ್ತಿಗೆ ಭಾಳ ಗದ್ದಲ ಆದೀತು. ನೀವೇನು ಅವಸರಾ ಮಾಡ್ಕೋಬ್ಯಾಡ್ರಿ. ಮುಂಜಾನೆ ಒಂದು ಚೀಲಾ ಕಳಿಸಿಬಿಡ್ರಿ, ನಿಮ್ಮ ಎಲಿ ಹಾಕಿಸಿ ಇಟ್ಟಿರ್ತೇನಿ."